ಅಂಜನಪ್ಪನ ಅಟ್ಟದ ಬೆಳಕು

ಏಪ್ರಿಲ್ 3, ಶುಕ್ರವಾರ

ಪಾಳ್ಯ, ಅಂಜನಪ್ಪನೋರ ಮನೆ. ಇಳಿ ಬಿಸಿಲು. ಐವತ್ತರ ಲೆನ್ಸು, ಐಎಸ್‌ಒ ಎಂಟುನೂರು. ಉಳಿಸ್ಕೊಳ್ಳೋ ಹಾಗಿರೋ ಫೋಟೋ ಒಂದೂ ಇಲ್ಲ.

ಈ ಡೈರಿ ಇಟ್ಟಿರೋದೇ ಕ್ಯಾಮರಾ ಸಲುವಾಗಿ. ಸೆಕೆಂಡ್ ಹ್ಯಾಂಡ್ ಕ್ಯಾಮರಾ ಅಂದ್ರೆ ಸೆಕೆಂಡ್ ಹ್ಯಾಂಡ್ ಬೈಕ್ ಇದ್ದ ಹಾಗೆ. ಯಾವ ಸೆಟ್ಟಿಂಗಲ್ಲಿ ಏನು ಮಾಡಿತು ಅಂತ ಬರೆದಿಡದಿದ್ರೆ ನಡುದಾರೀಲಿ ಕೈ ಕೊಡುತ್ತೆ. ಮನಸ್ಸಲ್ಲಿರೋದನ್ನೆಲ್ಲ ಬರೆಯೋಕೆ ನಾನೇನು ಸಾಹಿತಿ ಅಲ್ಲ, ತಿಪಟೂರಲ್ಲಿ ಬೈಕ್ ರಿಪೇರಿ ಮಾಡೋ ಇಜಾಜ್. ಓದಿದ್ದು ಕನ್ನಡ ಮೀಡಿಯಂ, ಅದಕ್ಕೇ ಕನ್ನಡದಲ್ಲಿ ಬರೀತೀನಿ. ನನ್ನ ಹೆಂಡತಿ ದಿಲ್ಶಾದ್‌ಗೆ ಕನ್ನಡ ಓದೋಕೆ ಬಸ್ ಬೋರ್ಡಿನಷ್ಟು ಮಾತ್ರ ಬರೋದು. ಹಾಗಾಗಿ ಇಲ್ಲಿ ಏನು ಬರೆದ್ರೂ ಸೇಫು.

ಜುಮ್ಮಾ ನಮಾಜ್ ಮುಗಿಸಿ ನಮ್ಮ ಅಬ್ಬಾನ ಬೈಕಲ್ಲಿ ಹಿಂದೆ ಕೂರಿಸ್ಕೊಂಡು ಪಾಳ್ಯಕ್ಕೆ ಹೋದೆ. ನೊಣವಿನಕೆರೆ ದಾಟಿ ತೋಟದ ದಾರೀಲಿ ಒಳಗೆ ಹೋಗಬೇಕು. ಅಬ್ಬಾ ವಯಸ್ಸಲ್ಲಿದ್ದಾಗ ಹೊಲಿಗೆ ಮಿಷನ್ ಸೈಕಲ್ ಹಿಂದೆ ಕಟ್ಕೊಂಡು ಹಬ್ಬಕ್ಕೆ ಮುಂಚೆ ಹಳ್ಳಿ ಮೇಲೆ ಹೋಗೋರು. ಯಾರದಾದ್ರೂ ಜಗಲೀಲಿ ಕೂತು ಊರಿಗೆಲ್ಲ ಬಟ್ಟೆ ಹೊಲಿದು ಬರೋರು. ಪಾಳ್ಯದಲ್ಲಿ ಅಂಜನಪ್ಪನೋರ ಜಗಲಿ. ಈಗ ಮಿಷನ್ನೂ ಇಲ್ಲ, ಸೈಕಲ್ಲೂ ಇಲ್ಲ. ಆದ್ರೆ ಶುಕ್ರವಾರ ಬಂತು ಅಂದ್ರೆ ಅಬ್ಬಾಗೆ ಆ ಮನೆ ಬೇಕೇ ಬೇಕು.

ಹೋದ ಕೂಡಲೆ ಅಬ್ಬಾ, ಅಂಜನಪ್ಪ ಇಬ್ಬರೂ ಏಣಿ ಹತ್ತಿ ಕೊಬ್ಬರಿ ಅಟ್ಟದ ಮೇಲೆ ಕೂರ್ತಾರೆ. ವರ್ಷದಿಂದ ಕತ್ತಲಲ್ಲಿ ಒಣಗ್ತಾ ಬಿದ್ದಿರೋ ಕಾಯಿ ರಾಶಿ, ಕೆಳಗಿನಿಂದ ಮೆಲ್ಲಗೆ ಏರಿ ಬರೋ ಮಟ್ಟೆ ಹೊಗೆ. ಒಂದೊಂದೇ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸ್ತಾರೆ. ನೀರು ಕುಲುಕಿದ್ರೆ ಇನ್ನೂ ಹಸಿ, ಆ ಕಡೆ. ಒಳಗೆ ಒಣಗಿದ ಗಿಟುಕು ಗಡಗಡ ಅಂದ್ರೆ ಕೊಬ್ಬರಿ ಆಗಿದೆ, ಈ ಕಡೆ. ಆ ಕೆಲಸಕ್ಕೆ ಆಳು ಮಾರಯ್ಯ ಇದ್ದಾನೆ, ಆದ್ರೂ ಇವರಿಬ್ಬರಿಗೂ ಅದೊಂದು ಆಟ. ಮಾತು ಕಮ್ಮಿ. ನನಗಂತೂ ಅಲ್ಲಿ ಕೂತ್ರೆ ನಿದ್ದೆ ಯಾವುದು, ಎಚ್ಚರ ಯಾವುದು ಗೊತ್ತಾಗಲ್ಲ.

ಇವತ್ತು ಒಂದು ವಿಚಿತ್ರ ನೋಡಿದೆ. ಅಟ್ಟದ ಕಿಂಡಿ ಬಾಗಿಲಲ್ಲಿ ಹಲಗೆಯ ಗಂಟು ಕಳಚಿ ಬೆರಳು ತೂರೋಷ್ಟು ತೂತಾಗಿದೆ. ಬಾಗಿಲು ಮುಚ್ಚಿದಾಗ ಆ ತೂತಿಂದ ಬೆಳಕು ಬಂದು ಎದುರಿನ ಸುಣ್ಣದ ಗೋಡೆ ಮೇಲೆ ಇಡೀ ತೋಟ ತಲೆಕೆಳಗಾಗಿ ನಿಂತಿತ್ತು. ಗರಿಗಳೆಲ್ಲ ಕೆಳಗೆ, ಅಂಗಳ ಮೇಲೆ. ಹೊರಗೆ ಗಾಳಿ ಬೀಸಿದ್ರೆ ಗೋಡೆ ಮೇಲಿನ ಗರಿಗಳೂ ಸದ್ದಿಲ್ಲದೆ ಅಲ್ಲಾಡ್ತಿದ್ದವು. ಒಂದು ಹಸು ಕಾಲು ಮೇಲೆ ಮಾಡ್ಕೊಂಡು ಈ ತುದಿಯಿಂದ ಆ ತುದಿಗೆ ನಡೆದು ಹೋಯ್ತು.

“ಇದಾ? ನಮ್ಮಪ್ಪನ ಕಾಲದಿಂದ್ಲೂ ಐತೆ ಕಣಪ್ಪ,” ಅಂದ್ರು ಅಂಜನಪ್ಪ, ತಿರುಗಿ ಕೂಡ ನೋಡದೆ.

ಕ್ಯಾಮರಾ ಎತ್ತಿದೆ. ಬೆಳಕು ಸಾಲದು, ಟ್ರೈಪಾಡ್ ಇಲ್ಲ, ಒಬ್ಬರು ಕೆಮ್ಮಿದ್ರೂ ಅಟ್ಟ ಅಲ್ಲಾಡುತ್ತೆ. ಬಂದದ್ದು ಬರೀ ಮಸಿ. ಕ್ಯಾಮರಾಗೆ ಸಿಗದ ಮೇಲೆ ಚೆನ್ನಾಗಿದ್ದು ಏನು ಬಂತು, ಬಿಟ್ಟುಬಿಟ್ಟೆ.

ಏಪ್ರಿಲ್ 6, ಸೋಮವಾರ

ಫೋಟೋ ಇಲ್ಲ.

ಅಬ್ಬಾನ ತುಮಕೂರಿಗೆ ತೋರಿಸಿಕೊಂಡು ಬಂದೆ. ಹೃದಯ ಸುಸ್ತಾಗಿದೆ ಅಂದ್ರು ಡಾಕ್ಟರು. ಮೆಟ್ಟಿಲು, ಏಣಿ ಹತ್ತಿಸಬೇಡಿ ಅಂದ್ರು. ನನ್ನನ್ನ ಪಕ್ಕಕ್ಕೆ ಕರೆದು ಇನ್ನೂ ಏನೋ ಹೇಳಿದ್ರು, ಅದನ್ನ ಇಲ್ಲಿ ಬರೆಯಲ್ಲ.

ಮನೇಗೆ ಬಂದ್ರೆ ಮಗಳು ಇಕ್ರಾ ಚಾರ್ಟ್ ಹರಡ್ಕೊಂಡು ಕೂತಿದ್ಲು. ಸ್ಕೂಲಲ್ಲಿ ಮನೆಯವರ ಫೋಟೋ ಎಲ್ಲ ಅಂಟಿಸಿಕೊಂಡು ಬರೋಕೆ ಹೇಳಿದ್ದಾರಂತೆ. “ದಾದಿ ಫೋಟೋ ಕೊಡಿ,” ಅಂದ್ಲು. ದಾದಿ ಅಂದ್ರೆ ನಮ್ಮ ಅಮ್ಮಿ, ಅವರದು ಒಂದೂ ಇಲ್ಲ. ಅಬ್ಬಾದು ಆಧಾರ್ ಕಾರ್ಡಲ್ಲಿರೋದು ಒಂದೇ, ಅದರಲ್ಲಿ ಪೊಲೀಸರು ಈಗ ತಾನೇ ಹಿಡ್ಕೊಂಡು ಬಂದಿರೋ ಹಾಗಿದ್ದಾರೆ. ಜೀವ ಇರೋದರ ಚಿತ್ರ ಮನೇಲಿಟ್ಟರೆ ಫರಿಶ್ತೆಗಳು, ಅಂದ್ರೆ ದೇವದೂತರು, ಬಾಗಿಲಿಂದಲೇ ವಾಪಸ್ ಹೋಗ್ತಾರೆ ಅಂತ ಅಬ್ಬಾರ ನಂಬಿಕೆ. ಅಮ್ಮಿ ಕೂಡ ಹಾಗೇ ನಡ್ಕೊಂಡು ಹೋದ್ರು.

ಇಕ್ರಾಗೆ ದಾದಿ ಹೇಗಿದ್ರು ಅಂತ ಹೇಳೋಣ ಅಂದ್ಕೊಂಡೆ. ನೀಲಿ ದುಪಟ್ಟಾ ನೆನಪಾಯ್ತು, ಕೈ ನೆನಪಾಯ್ತು. ಮುಖ ಬರಲಿಲ್ಲ. ಎಷ್ಟು ಕಣ್ಣು ಮುಚ್ಚಿದ್ರೂ ಬರಲಿಲ್ಲ. ತೀರಿಕೊಂಡು ಹತ್ತೇ ವರ್ಷಕ್ಕೆ ಹೆತ್ತ ತಾಯಿ ಮುಖ ಮರೆತಿದ್ದೀನಲ್ಲ ಯಾ ಅಲ್ಲಾ! ಗ್ಯಾರೇಜಿನ ಹಿಂದೆ ಹೋಗಿ ಅತ್ತೆ.

ಆಮೇಲೆ ಧೈರ್ಯ ಮಾಡಿ ಅಬ್ಬಾನ ಕೇಳಿದೆ. ಒಂದೇ ಒಂದು ಫೋಟೋ, ಯಾರಿಗೂ ತೋರಿಸಲ್ಲ ಅಂತ.

“ಬೇಡಪ್ಪ.”

“ಮೌಲ್ವಿ ಸಾಹೇಬರ ವಾಟ್ಸಾಪಲ್ಲೇ ಫೋಟೋ ಇದೆ ಅಬ್ಬಾ.”

“ಅವರ ಲೆಕ್ಕ ಅವರು ಕೊಡ್ತಾರೆ,” ಅಂದು ಪಕ್ಕಕ್ಕೆ ತಿರುಗಿ ಮಲಗಿದ್ರು.

ಏಪ್ರಿಲ್ 10, ಶುಕ್ರವಾರ

ಪಾಳ್ಯ, ಅಟ್ಟದ ಮೇಲೆ. ಎಂಬತ್ತೈದರ ಲೆನ್ಸು (ದೋಸ್ತ್ ಇಮ್ದಾದ್‌ದು), ಪೂರ್ತಿ ಓಪನ್, ಐಎಸ್‌ಒ ನಾನೂರು, ನೂರಿಪ್ಪತ್ತೈದರ ಸ್ಪೀಡು. ಒಂದೇ ಫೋಟೋ. ಸಿಕ್ತು! ಸಿಕ್ತು ಕಣ್ಲಾ ಇಜಾಜ್!

ಅಬ್ಬಾ ಏಣಿ ಹತ್ತೋದು ಬೇಡ ಅಂದ್ರೆ ಕೇಳಿದ್ರಾ? “ಡಾಕ್ಟರಿಗೆ ಕೊಬ್ಬರಿ ವಿಷಯ ಏನು ಗೊತ್ತು,” ಅಂತ ಹತ್ತೇಬಿಟ್ರು. ನಾನು ಅವರಿಗಿಂತ ಮುಂಚೆ ಹತ್ತಿ, ಅವರು ಕೂರೋ ಜಾಗದ ನೇರಕ್ಕೆ ಒಂದು ಹೆಂಚನ್ನ ಒಳಗಿಂದ ತಳ್ಳಿ ಗೇಣಷ್ಟು ಸಂದು ಮಾಡಿ ಇಟ್ಟಿದ್ದೆ. ಬಿಸಿಲ ಕೋಲು ನೆಟ್ಟಗೆ ಬಂದು ಅಲ್ಲೇ ಬಿತ್ತು. ಹೊಗೆ ಅದರೊಳಗೆ ಸುತ್ತಿ ಸುತ್ತಿ ಏರ್ತಿತ್ತು. ನಾನು ರಾಶಿ ಹಿಂದೆ ಸದ್ದಿಲ್ಲದೆ ಕೂತೆ.

“ಏನಪ್ಪ ಇವತ್ತು ಇಷ್ಟೊಂದು ಬೆಳಕು,” ಅಂದ್ರು ಅಬ್ಬಾ.

“ಬೇಸಿಗೆ ಕಣ್ಲಾ ರಹಮತ್ತು, ಇನ್ನೇನು,” ಅಂದ್ರು ಅಂಜನಪ್ಪ.

ಅಬ್ಬಾ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಕಣ್ಣು ಮುಚ್ಚಿದ್ರು. ಒತ್ತಿದೆ.

ಕದ್ದು ತೆಗೆದದ್ದು ಅಂತ ಗೊತ್ತು. ಗೊತ್ತಿದ್ದೂ ಖುಷಿ ತಡೆಯೋಕೆ ಆಗ್ತಿಲ್ಲ. ಎದ್ದು ಬರೋವಾಗ ಅಬ್ಬಾ ಕೆಳಗಿನಿಂದ ಕೂಗ್ತಿದ್ರು. ಅವಸರದಲ್ಲಿ ಹೆಂಚನ್ನ ವಾಪಸ್ ಎಳೆದೆ, ಜಾಗದಲ್ಲಿ ಕೂತ ಹಾಗೆ ಸದ್ದಾಯ್ತು. ಕ್ಯಾಮರಾ ಕೈ ಕೊಟ್ರೆ ಇರಲಿ ಅಂತ ಫೋನಿಗೂ ಒಂದು ಕಾಪಿ ಹಾಕ್ಕೊಂಡಿದ್ದೀನಿ.

ಏಪ್ರಿಲ್ 14, ಮಂಗಳವಾರ

ಅಂಜನಪ್ಪನೋರ ಮಗ ಶಿವಣ್ಣ ಗ್ಯಾರೇಜಿಗೆ ಬಂದಿದ್ದ. ಹಾಲಿನ ಸೊಸೈಟಿ ಎಲೆಕ್ಷನ್ನಿಗೆ ನಿಂತಿದ್ದಾನೆ, ಎದುರಿಗೆ ಮಾಯಣ್ಣ. ಫ್ಲೆಕ್ಸಿಗೆ ಫೋಟೋ ಬೇಕಂತೆ. ಕೈ ಮುಗಿದಿರೋದು ಒಂದು, ಬೆರಳು ತೋರಿಸ್ತಿರೋದು ಒಂದು. “ಹೊಟ್ಟೆ ಒಸಿ ಕಮ್ಮಿ ಮಾಡ್ಲಾ,” ಅಂದ. ಮಾಡಿಕೊಟ್ಟೆ.

ಸಂಜೆ ಜೋರು ಮಳೆ, ವರ್ಷದ ಮೊದಲ ಮಳೆ. ಅಂಗಡಿ ಬಾಗಿಲಲ್ಲೇ ನಿಂತು ಕಪ್ಪು ರೋಡಿನ ಮೇಲೆ ಕೆಂಪು ಟೈಲ್ ಲೈಟುಗಳು ಹರಿದು ಹೋಗೋದನ್ನ ತೆಗೆದೆ. ಒಳ್ಳೇ ದಿನ.

ಏಪ್ರಿಲ್ 24, ಶುಕ್ರವಾರ

ಅಬ್ಬಾಗೆ ಎದೆ ಭಾರ. ಹೋದ ವಾರವೂ ಪಾಳ್ಯಕ್ಕೆ ಹೋಗಲಿಲ್ಲ, ಈ ವಾರವೂ ಇಲ್ಲ. ಮಲಗಿದಲ್ಲೇ “ಅಂಜನಪ್ಪ ಒಬ್ಬನೇ ಏನು ಮಾಡ್ತಾನೋ,” ಅಂತಾರೆ.

ನಾನು ದಿನಾ ಫೋನ್ ತೆಗೆದು ಫೋಟೋ ನೋಡ್ಕೋತೀನಿ. ಪಕ್ಕದ ರೂಮಲ್ಲಿ ಅಬ್ಬಾ ಕೆಮ್ಮುತ್ತಿದ್ರೂ ಫೋನನ್ನೇ ನೋಡ್ತೀನಿ ಅಂತ ದಿಲ್ಶಾದ್ ಬೈತಾಳೆ. ಅವಳಿಗೆ ಗೊತ್ತಿಲ್ಲ, ನಾನು ನೋಡ್ತಿರೋದೂ ಅಬ್ಬಾನೇ.

ಮೇ 1, ಶುಕ್ರವಾರ

ಅಬ್ಬಾ ಸ್ವಲ್ಪ ಸುಧಾರಿಸಿದ್ರು, ಕರ್ಕೊಂಡು ಹೋದೆ. ಅಂಗಳಕ್ಕೆ ಕಾಲಿಟ್ಟಾಗಲೇ ಗಲಾಟೆ ಕೇಳಿಸ್ತು.

ಅಟ್ಟದ ಮೂಲೆ ರಾಶಿ ಪೂರ್ತಿ ಹಾಳಾಗಿದೆ. ಮೇಲೆ ಒಣಗಿದ ಹಾಗೆ ಕಂಡ್ರೂ ಕೈ ಹಾಕಿದ್ರೆ ಮಟ್ಟೆ ಮೆತ್ತಗೆ, ಒಡೆದ್ರೆ ಒಳಗೆಲ್ಲ ಹಸಿರು ಬೂಷ್ಟು. ಹೋದ ತಿಂಗಳ ಆ ಮಳೆ ನೀರು ಅಷ್ಟು ದಿನ ಒಳಗೇ ಕೂತಿದೆ. ಶಿವಣ್ಣ ಟಾರ್ಚ್ ಬಿಟ್ಟು ಸೂರು ತೋರಿಸಿದ. ಒಂದು ಹೆಂಚು ಜಾರಿತ್ತು. ನನ್ನ ಹೆಂಚು.

“ಗಾಳಿಗೆ ಜಾರಿದ್ದಲ್ಲ ಇದು. ಒಳಗಿಂದ ತಳ್ಳವ್ರೆ,” ಅಂದ ಶಿವಣ್ಣ. “ದಿನಾ ಅಟ್ಟ ಹತ್ತೋನು ಇವನೊಬ್ನೇ. ಮಾಯಣ್ಣ ಇವನ ಕೈಲಿ ಮಾಡ್ಸವ್ನೆ.”

ಮಾರಯ್ಯ ಕಂಬ ಹಿಡ್ಕೊಂಡು ನಿಂತಿದ್ದ. “ದೇವ್ರಾಣೆಗೂ ನಾನು ಮುಟ್ಟಿಲ್ಲ ಕಣಣ್ಣ. ಈ ಮನೆ ಅನ್ನ ತಿಂದೋನು ನಾನು.”

“ಅನ್ನ ತಿಂದೋನೇ ಮಾಡೋದು ಇಂಥ ಕೆಲ್ಸಾನ. ನಡಿ ಆಚೆಗೆ.”

ಅಂಜನಪ್ಪ ಸುಮ್ಮನೆ ಹಾಳಾದ ಕಾಯಿಗಳ ಮುಂದೆ ಕೂತಿದ್ರು. ಅಬ್ಬಾ ಮಾತ್ರ, “ಮಾರಯ್ಯ ಅಂಥೋನಲ್ಲ ಶಿವಣ್ಣ, ವಿಚಾರ ಮಾಡಿ ಮಾತಾಡಪ್ಪ,” ಅಂದ್ರು. ನಾನು ಲೆನ್ಸಿನ ಮುಚ್ಚಳ ತೆಗೆಯೋದು, ಹಾಕೋದು ಮಾಡ್ತಾ ನಿಂತಿದ್ದೆ.

ಹೇಳಿದ್ರೆ ಹೆಂಚು ಯಾಕೆ ತಳ್ಳಿದೆ ಅಂತ ಕೇಳ್ತಾರೆ. ಆ ದಿನದ ಬೆಳಕು ಅಬ್ಬಾಗೆ ನೆನಪಾಗುತ್ತೆ. ಅಬ್ಬಾ ಎದುರಿಗೆ ನನಗೆ ಸುಳ್ಳು ಬರಲ್ಲ. ಫೋಟೋ ಹೋಗುತ್ತೆ, ಡಾಕ್ಟರು ಹೇಳಿದ ಮಾತು ನಿಜ ಆದ್ರೆ ಅಬ್ಬಾನೂ ಹೋಗ್ತಾರೆ, ಅಮ್ಮಿ ಮುಖ ಹೋದ ಹಾಗೆ ಇವರದ್ದೂ ಹೋಗುತ್ತೆ. ಆಗ ನನ್ನ ಹತ್ತಿರ ಏನು ಉಳೀತು?

ಮೇ 2, ಶನಿವಾರ

ಕ್ಯಾಮರಾ ಮುಟ್ಟಲಿಲ್ಲ.

ಮೇ 4, ಸೋಮವಾರ

ಮಾರಯ್ಯ ಟಿವಿಎಸ್ ತಳ್ಳಿಕೊಂಡು ಗ್ಯಾರೇಜಿಗೆ ಬಂದ. ಪ್ಲಗ್ ಕಪ್ಪಾಗಿತ್ತು. ಬಿಚ್ಚಿ ಉಜ್ಜೋಕೆ ಕೂತೆ. ಹಿಂದೆ ಒಂದು ಬಟ್ಟೆ ಗಂಟು ಕಟ್ಟಿದ್ದ.

“ಎಲ್ಲಿಗೆ ಮಾರಯ್ಯಣ್ಣ?”

“ಚಿಕ್ಕನಾಯಕನಹಳ್ಳಿ ಕಡೆ. ಊರಲ್ಲಿ ಯಾರೂ ಕೆಲ್ಸಕ್ಕೆ ಕರೆಯಾಕಿಲ್ಲ. ಮಾಯಣ್ಣನ ಕಡೆಯೋರೂ ನಗ್ತವ್ರೆ, ಹೆಂಚು ತೆಗೆಯೋನು ಬಂದ ಅಂತ. ಅಲ್ಲಾದ್ರೆ ನನ್ನ ಮುಖ ಯಾರಿಗೂ ಗೊತ್ತಿಲ್ಲ.”

ಗಾಡಿ ಸ್ಟಾರ್ಟ್ ಆಯ್ತು. ಹೊರಡೋವಾಗ ಅಂದ, “ಅವತ್ತು ನನ್ನ ಪರವಾಗಿ ಮಾತಾಡಿದ್ದು ನಿಮ್ಮಪ್ಪ ಒಬ್ರೇ ಕಣಪ್ಪ. ಮಾರಯ್ಯ ನೆನೆಸ್ಕೊಂಡ ಅಂತ ಹೇಳು.”

ಥೂ ನನ್ನ ಜನ್ಮಕ್ಕೆ! “ನಿಲ್ಲು ಮಾರಯ್ಯಣ್ಣ,” ಅಂದೆ. ಕೈ ಅಡ್ಡ ಇಟ್ಟೆ. ಯಾಕೆ ಅಂದ. ಒಂದೆರಡು ದಿನ ಇರು, ಎಲ್ಲಿಗೂ ಹೋಗಬೇಡ ಅಂದೆ. ಅವನು ನನ್ನನ್ನೇ ನೋಡ್ತಾ ಇದ್ದು, ಗಾಡಿ ವಾಪಸ್ ತಿರುಗಿಸಿದ.

ಮೇ 5, ಮಂಗಳವಾರ

ನಸುಕಿನ ಫಜರ್ ನಮಾಜ್ ಆದಮೇಲೆ ಅಬ್ಬಾ ಚಾಪೆ ಮೇಲೇ ಚಹಾ ಕುಡೀತಾ ಕೂತಿದ್ರು. ಎದುರಿಗೆ ಕೂತು ಎಲ್ಲ ಹೇಳಿದೆ. ಕ್ಯಾಮರಾ ಕೈಗೆ ಕೊಟ್ಟೆ.

ಕನ್ನಡಕ ಹಾಕ್ಕೊಂಡು ನೋಡಿದ್ರು. ಹೊಡೀತಾರೆ ಅಂದ್ಕೊಂಡೆ, ಈ ವಯಸ್ಸಲ್ಲೂ. ಚಹಾ ಮೇಲೆ ಕೆನೆ ಕಟ್ಟಿತು.

“ಇದು ನಾನಲ್ಲ,” ಅಂದ್ರು ಆಮೇಲೆ.

“ನೀವೇ ಅಬ್ಬಾ.”

“ಅಲ್ಲ. ಇದು ನಮ್ಮ ಅಬ್ಬಾ. ಗಡಿಯಾರಕ್ಕೆ ಕೀಲಿ ಕೊಟ್ಟು, ಓಡ್ತಿದೆಯಾ ಅಂತ ಕಿವಿಗೆ ಹಿಡಿದು ಹೀಗೇ ಕಣ್ಣು ಮುಚ್ಚೋರು. ನಾನು ಇಕ್ರಾ ಅಷ್ಟಿದ್ದಾಗ ಹೋದ್ರು. ಎಷ್ಟು ವರ್ಷ ಆಯ್ತು, ನೆನಪಿಗೆ ಬಂದಿರಲೇ ಇಲ್ಲ ನೋಡು.”

ಅಬ್ಬಾ ಹೀಗೆ ಅಳೋದನ್ನ ನಾನು ಮುಂಚೆ ನೋಡಿದ್ದು ಅಮ್ಮಿ ಜನಾಜಾ ಹೊತ್ತ ದಿನ ಮಾತ್ರ. ನನಗೂ ತಡೆಯೋಕೆ ಆಗಲಿಲ್ಲ. “ಹಾಗಾದ್ರೆ ಇಟ್ಕೊಳ್ಳೋಣ ಅಬ್ಬಾ,” ಅಂದೆ.

“ಬೇಡ. ಕದ್ದ ಮಾಲು ಇದು. ಮಾರಯ್ಯನ ಹೆಸರು ಕೆಡಿಸಿ ತಂದಿದ್ದೀಯ. ನಾಳೆ ಪಾಳ್ಯಕ್ಕೆ ಹೋಗೋಣ, ಎಲ್ಲರಿಗೂ ತೋರಿಸು. ಆಮೇಲೆ ಅಳಿಸು.”

“ಅಮ್ಮಿ ಮುಖ ಮರೆತು ಹೋಗಿದೆ ಅಬ್ಬಾ ನಂಗೆ. ನಿಮ್ಮದೂ ಹೋದ್ರೆ ಏನು ಮಾಡ್ಲಿ?”

ಅಬ್ಬಾ ಲೋಟ ಕೆಳಗಿಟ್ಟರು. “ನನ್ನ ಕೇಳಬೇಕಿತ್ತಲ್ಲೋ,” ಅಂದ್ರು. “ಎಷ್ಟು ಸಲ ಕತ್ತರಿ ಕೊಟ್ರೂ ನಿಮ್ಮ ಅಮ್ಮಿ ದಾರ ಹಲ್ಲಲ್ಲೇ ಕಡೀತಿದ್ಲು. ಅದಕ್ಕೇ ಮುಂದಿನ ಹಲ್ಲು ಒಂದು ಕಡೆ ಸವೆದು ಸಣ್ಣ ಕಚ್ಚು ಬಿದ್ದಿತ್ತು. ನಗೋವಾಗ ಅದು ಕಾಣಿಸಬಾರದು ಅಂತ ಮೇಲಿನ ತುಟಿ ಹೀಗೆ ಕೆಳಗೆ ಎಳ್ಕೊಳ್ಳೋಳು. ಆದ್ರೂ ಕಾಣ್ತಿತ್ತು.”

ಅಬ್ಬಾ ತುಟಿ ಎಳ್ಕೊಂಡು ತೋರಿಸಿದ ತಕ್ಷಣ ಅಮ್ಮಿ ಬಂದುಬಿಟ್ರು. ಕಣ್ಣು, ಗಲ್ಲ, ನನ್ನ ಹೆಸರು ಕೂಗೋವಾಗ ಒಂಚೂರು ಓರೆ ಆಗ್ತಿದ್ದ ಬಾಯಿ, ಎಲ್ಲ.

ಮೇ 6, ಬುಧವಾರ

ಪಾಳ್ಯ. ಜಗಲೀಲಿ ಎಲ್ಲರ ಮುಂದೆ ಹೇಳಿದೆ. ಮಾರಯ್ಯನ್ನೂ ಕರೆಸಿದ್ರು.

ಶಿವಣ್ಣ ಕೆಂಪಗಾದ. “ಅಲ್ಲ ಕಣ್ಲಾ, ಒಂದು ಫೋಟೋಗೆ? ಈಗ ಮಾಯಣ್ಣನ ಕಡೆಯೋರು ಸುಮ್ನಿರ್ತಾರಾ? ಸಾಬರನ್ನ ಅಟ್ಟ ಹತ್ತಿಸ್ಕೊಂಡ್ರೆ ಇನ್ನೇನಾಯ್ತದೆ ಅಂತ ಊರೆಲ್ಲ ಸಾರ್ತಾರೆ.” ಆಮೇಲೆ ಅಬ್ಬಾ ಮುಖ ನೋಡದೆ, “ಎಲೆಕ್ಷನ್ ಮುಗಿಯೋಗಂಟ ಈ ಕಡೆ ಬರೋದು ಬ್ಯಾಡ. ತಪ್ಪು ತಿಳ್ಕಬೇಡಿ,” ಅಂದ. ಅಬ್ಬಾ ತಲೆ ಆಡಿಸಿದ್ರು. ಬೈದಿದ್ರೆ ವಾಸಿ ಇತ್ತು.

ಮಾರಯ್ಯನ ಮುಂದೆ ಕೈ ಮುಗಿದು ನಿಂತೆ. ಅವನು ಶಿವಣ್ಣನ ಕಡೆ ತಿರುಗಿ, “ಈಗ ಊರಲ್ಲಿ ಹೇಳಣ್ಣ, ನಾನಲ್ಲ ಅಂತ. ಆವತ್ತು ಬೈದ ಹಂಗೇ ಗಟ್ಟಿಯಾಗಿ ಹೇಳು,” ಅಂದ. ಹೇಳ್ತೀನಿ ಅಂದ ಶಿವಣ್ಣ, ಮೆತ್ತಗೆ.

ಅಂಜನಪ್ಪ ಕ್ಯಾಮರಾ ಇಸ್ಕೊಂಡು ಫೋಟೋ ನೋಡಿ, “ಈ ರಹಮತ್ತು ಮುದುಕ ಆಗಿಬುಟ್ಟವ್ನೆ ಕಣ್ರೀ,” ಅಂದ್ರು. ಅಬ್ಬಾ ನ‌ನ್ನ ಹತ್ತಿರ ಅಳಿಸೋಕೆ ಯಾವ ಗುಂಡಿ ಅಂತ ಕೇಳಿ ತಾವೇ ಒತ್ತಿದ್ರು. ಕಪ್ಪಾಯ್ತು.

ಫೋನಲ್ಲಿರೋ ಕಾಪಿ ವಿಷಯ ನಾನು ಹೇಳಲಿಲ್ಲ. ಹೇಳಬೇಕು ಅಂತಲೇ ಬಾಯಿ ತೆಗೆದಿದ್ದೆ, ಹೇಳಲಿಲ್ಲ.

ಮೇ 13, ಬುಧವಾರ

ಅಂಜನಪ್ಪ ಬಸ್ಸಲ್ಲಿ ಒಬ್ಬರೇ ಬಂದಿಳಿದ್ರು. ಚೀಲದ ತುಂಬ ಎಳನೀರು. ಬಾಗಿಲಲ್ಲೇ ನಿಂತು ಕೂಗಿದ್ರು, “ಏನ್ಲಾ ರಹಮತ್ತು, ಶುಕ್ರವಾರ ಬಂದಿಲ್ಲ ಯಾಕ್ಲಾ?”

“ಶಿವಣ್ಣ ಬೇಡ ಅಂದ್ನಲ್ಲಪ್ಪ.”

“ಎಲೆಕ್ಷನ್ನಿಗೆ ನಿಂತಿರೋನು ಅವನು, ನಾನಲ್ಲ. ಅಟ್ಟ ನಂದು. ನೀನು ಬರದಿದ್ರೆ ಒಂದ್ ಕಿವಿ ಇಲ್ದಂಗೆ ಆಗೈತೆ ನಂಗೆ. ನಾಡಿದ್ದು ಬಾ. ಮಗನ್ನೂ ಕರ್ಕೊಂಡು ಬಾ, ಹೆಂಚು ಅವನೇ ಕೂರಿಸ್ಲಿ, ಕಳ್ಳ ನನ್ಮಗ.”

ದಿಲ್ಶಾದ್ ಒಳಗಿಂದ ಚಹಾ ತಂದ್ಲು. ಅಬ್ಬಾ ಎಷ್ಟೋ ದಿನದ ಮೇಲೆ ಎರಡು ಬಿಸ್ಕತ್ ತಿಂದ್ರು.

ಮೇ 15, ಶುಕ್ರವಾರ

ಫೋನಲ್ಲಿದ್ದ ಕಾಪಿಯನ್ನೂ ಈಗ ತಾನೇ ಅಳಿಸಿದೆ. ಯಾರೂ ಹೇಳಲಿಲ್ಲ. ಇನ್ನು ಅದು ಬೇಡ ಅನ್ನಿಸ್ತು ಅಷ್ಟೆ.

ಹೋಗೋವಾಗ ಬೈಕಿನ ಕನ್ನಡೀಲಿ ದಾರಿಯುದ್ದಕ್ಕೂ ಅಬ್ಬಾ ಕಾಣ್ತಿದ್ರು. ಹುಬ್ಬು ಎರಡೂ ಬೆಳ್ಳಗೆ, ಎಡದ ಹುಬ್ಬಲ್ಲಿ ಮಾತ್ರ ಎರಡು ಮೂರು ಕಪ್ಪು ಕೂದಲು ಹಟ ಹಿಡಿದು ಉಳಿದಿವೆ. ಬಟ್ಟೆಗೆ ಗೆರೆ ಎಳೆಯೋ ಚಾಕ್ ಸಿಕ್ಕಿಸಿ ಸಿಕ್ಕಿಸಿ ಬಲಗಿವಿ ಒಂಚೂರು ಮುಂದಕ್ಕೆ ಬಾಗಿದೆ. ಗಾಳಿಗೆ ಕಣ್ಣು ಸಣ್ಣ ಮಾಡಿದ್ರೆ ಮೂಗಿನ ಬುಡದಲ್ಲಿ ನೆರಿಗೆ ಬೀಳುತ್ತೆ. ಏನೋ ತಮಾಷೆ ಹೇಳೋ ಮುಂಚೆ ತುಟಿ ಒದ್ದೆ ಮಾಡ್ಕೋತಾರೆ. ಇವತ್ತು ನೊಣವಿನಕೆರೆ ಹತ್ತಿರ ಹಾಗೆ ಮಾಡಿ, “ಶಿವಣ್ಣನ ಫ್ಲೆಕ್ಸಲ್ಲಿ ಅವನ ಹೊಟ್ಟೆ ಎಲ್ಲಿ ಹೋಯ್ತೋ?” ಅಂದ್ರು.

ಶಿವಣ್ಣ ಜಗಲೀಲೇ ಇದ್ದ. “ಬಂದ್ರಾ,” ಅಂದ, ಬೈಕ್ ಹತ್ತಿ ಹೋದ. ಹಿತ್ತಲಲ್ಲಿ ಮಾರಯ್ಯ ಮಟ್ಟೆ ಬಿಡಿಸ್ತಿದ್ದ. ನನ್ನ ನೋಡಿ ನಗಲಿಲ್ಲ, ಆದ್ರೆ ಏಣಿ ತಂದು ಹಾಕಿಕೊಟ್ಟ. ಹೆಂಚು ಕೂರಿಸಿ, ಅಂಚು ಸರಿಯಾಗಿ ಕಚ್ಚಿದೆಯಾ ಅಂತ ಮೂರು ಸಲ ಅಲ್ಲಾಡಿಸಿ ನೋಡಿದೆ. ಅಟ್ಟ ಮತ್ತೆ ಕತ್ತಲಾಯ್ತು.

ಅಬ್ಬಾಗೆ ಈ ಸಲ ಏಣಿ ಹತ್ತೋಕೆ ಆಗಲಿಲ್ಲ. ಎರಡನೇ ಮೆಟ್ಟಿಲಲ್ಲೇ ಉಸಿರು ಸಿಕ್ಕಿಕೊಳ್ತು. ಅಂಜನಪ್ಪ ಮೇಲಿಂದ, “ಬುಡ್ಲಾ, ಅಲ್ಲೇ ಕೂತ್ಕೊ, ನಾನು ಕೆಳಗೇ ಬತ್ತೀನಿ,” ಅಂತಿದ್ರು. ಅಬ್ಬಾ ಏಣಿ ಹಿಡ್ಕೊಂಡು ಸುಧಾರಿಸ್ಕೊಂಡು ಅಟ್ಟದ ಮೇಲಿದ್ದ ನನ್ನ ಕೂಗಿದ್ರು. “ಇಜಾಜ್, ಕಿಂಡಿ ಬಾಗಿಲು ಹಾಕು. ಆ ಗೋಡೆ ನೋಡ್ತಾ ಇರು.”

ಹಾಕಿದೆ. ಗೋಡೆ ಮೇಲೆ ತೋಟ ಬಂತು, ತಲೆಕೆಳಗಾಗಿ, ಮೆಲ್ಲಗೆ ತೂಗ್ತಾ. ಅದರೊಳಕ್ಕೆ ಒಂದು ಬಿಳಿ ಜುಬ್ಬಾ ನಡ್ಕೊಂಡು ಬಂತು. ಅಂಗಳದ ನಡುವೆ, ಬಿಸಿಲು ಚೆನ್ನಾಗಿ ಬೀಳೋ ಕಡೆ ನಿಂತು ನನ್ನ ಕಡೆ ತಿರುಗಿತು. ಮುಖ ಅಷ್ಟೇನೂ ಕಾಣ್ತಿರಲಿಲ್ಲ, ಗಡ್ಡ ಮಾತ್ರ ಬೆಳ್ಳಗೆ ಕಾಣ್ತಿತ್ತು. ಆದ್ರೆ ಅಷ್ಟು ಹೊತ್ತಿಗೆ ನಂಗೆ ಮುಖ ಗೊತ್ತಿತ್ತು. ಅಬ್ಬಾ ಒಂದು ಕೈ ಎತ್ತಿದ್ರು. ಗೋಡೆ ಮೇಲೆ ಆ ಕೈ ಕೆಳಗೆ ಇಳಿದು ಬಂತು. ಎದ್ದು ಹೋಗಿ ಅದರ ಮೇಲೆ ನನ್ನ ಕೈ ಇಟ್ಟೆ, ಅದು ನನ್ನ ಕೈ ಮೇಲೇ ಬಿತ್ತು.

“ಕಾಣ್ತಿದೀನೇನೋ?” ಹೊರಗಿಂದ ಕೂಗಿದ್ರು.

“ಕಾಣ್ತಿದೀರಿ ಅಬ್ಬಾ.”

“ಇದನ್ನ ಯಾರೂ ಇಟ್ಕೊಳ್ಳೋ ಹಾಗಿಲ್ಲ, ಹಾಗಾಗಿ ಪರವಾಗಿಲ್ಲ. ಎಷ್ಟು ಬೇಕೋ ಅಷ್ಟು ನೋಡ್ಕೊ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದ್ರು. “ಸಾಕಾ, ಇನ್ನೂ ನಿಂತಿರ್ಲಾ?”

“ನಿಂತಿರಿ ಅಬ್ಬಾ,” ಅಂದೆ.

ನಿಂತೇ ಇದ್ರು.